ಮನೆಯ ನೆಟ್‌ವರ್ಕ್: ತಂತಿ ಮತ್ತು ವೈ-ಫೈ ಜೋಡಿಸುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಗೆ ಹೋದರೆ ಕಾಫಿ ಲೋಟ ಕೈಗೆ ಬರುವ ಮೊದಲೇ ಯಾರಾದರೂ ಒಬ್ಬರು ರೌಟರ್ ತೋರಿಸಲು ಕರೆದುಕೊಂಡು ಹೋಗುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಅದೇ ಮಾತು. ಕೆಲವರು ಪತ್ರ ಬರೆದು ಕೇಳಿದ್ದಾರೆ. ಕೆಲವರು ರೌಟರಿನ ಫೋಟೋ ಕಳಿಸಿ "ಕೆಂಪು ದೀಪ ಯಾಕೆ?" ಅಂದಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ. ಎಲ್ಲವನ್ನೂ ಓದಬೇಕಾಗಿಲ್ಲ, ನಿಮ್ಮ ಪ್ರಶ್ನೆಗೆ ನೇರ ಹೋಗಿ.

## ಶುರುವಿನಲ್ಲಿ

ಮೋಡೆಮ್, ರೌಟರ್, ಸ್ವಿಚ್, ಆಕ್ಸೆಸ್ ಪಾಯಿಂಟ್ ಅಂತೆಲ್ಲ ಹೇಳ್ತಾರೆ. ನಮ್ಮನೇಲಿ ಇರೋದು ಒಂದೇ ಡಬ್ಬಿ. ಅದು ಯಾವುದು?

ಅದು ಎಲ್ಲವೂ ಹೌದು. ಫೈಬರ್ ಸಂಪರ್ಕ ಕೊಟ್ಟವರು ಗೋಡೆಗೆ ಹೊಡೆದು ಹೋದ ಡಬ್ಬಿಯಲ್ಲಿ ಸಾಮಾನ್ಯವಾಗಿ ನಾಲ್ಕು ಕೆಲಸ ಒಟ್ಟಿಗೆ ನಡೆಯುತ್ತವೆ. ಫೈಬರಿನಲ್ಲಿ ಬೆಳಕಾಗಿ ಬಂದದ್ದನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಒಂದು. ಜನ ಮೋಡೆಮ್ ಅನ್ನುವುದು ಈ ಕೆಲಸಕ್ಕೇ, ಇದರಿಂದಲೇ ಆ ಡಬ್ಬಿಗೆ ಒಎನ್‌ಟಿ ಎಂಬ ಹೆಸರು. ಮನೆಯ ನೆಟ್‌ವರ್ಕನ್ನೂ ಹೊರಗಿನ ಇಂಟರ್ನೆಟ್ಟನ್ನೂ ಬೇರೆಯಾಗಿಟ್ಟು ನಡುವೆ ಬಾಗಿಲು ಕಾಯುವುದು ಎರಡನೆಯದು, ಅದು ರೌಟರ್. ಹಿಂದೆ ಕಾಣುವ ಹಳದಿ ತೂತುಗಳಿಗೆ ಹಾಕಿದ ತಂತಿಗಳನ್ನು ಒಂದಕ್ಕೊಂದು ಸೇರಿಸುವುದು ಸ್ವಿಚ್. ತಂತಿಯಲ್ಲಿರುವುದನ್ನು ಗಾಳಿಗೆ ಬಿಡುವುದು ಆಕ್ಸೆಸ್ ಪಾಯಿಂಟ್.

ಇದನ್ನು ಯಾಕೆ ಬಿಡಿಸಿ ಹೇಳಿದೆ ಅಂದರೆ, ಮನೆ ದೊಡ್ಡದಾದಾಗ ಈ ನಾಲ್ಕರಲ್ಲಿ ಯಾವುದು ಸಾಲುತ್ತಿಲ್ಲ ಅಂತ ಗೊತ್ತಿದ್ದರೆ ಅದೊಂದನ್ನೇ ತಂದರಾಯಿತು. ಮೇಲಿನ ಕೋಣೆಗೆ ಸಿಗ್ನಲ್ ಇಲ್ಲ ಅಂತ ಹೊಸ ರೌಟರ್ ಕೊಂಡವರು ಬಹಳ ಜನ. ಅವರಿಗೆ ಬೇಕಾಗಿದ್ದದ್ದು ಆಕ್ಸೆಸ್ ಪಾಯಿಂಟ್.

ವೈ-ಫೈ ಇರುವಾಗ ತಂತಿ ಯಾಕೆ ಎಳೀಬೇಕು? ಅಸಹ್ಯ ಕಾಣ್ತದೆ.

ವೈ-ಫೈ ಅಂದರೆ ಒಂದೇ ಮೈಕು ಇರುವ ಸಭೆ. ಒಂದು ಚಾನೆಲ್‌ನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಹೊಸ ವೈ-ಫೈಗಳಲ್ಲಿ ಸರದಿ ಹಂಚುವ ಜಾಣತನ ಜಾಸ್ತಿಯಾಗಿದೆ, ಆದರೂ ಮೈಕು ಒಂದೇ. ಪಕ್ಕದ ಮನೆಯವರೂ ಅದೇ ಚಾನೆಲ್‌ನಲ್ಲಿದ್ದರೆ ಅವರ ಸರದಿಗೂ ನಿಮ್ಮ ಫೋನು ಕಾಯುತ್ತದೆ. ತಂತಿಯಲ್ಲಿ ಹೀಗಿಲ್ಲ. ನಿಮ್ಮ ಕಂಪ್ಯೂಟರಿಗೂ ಸ್ವಿಚ್ಚಿಗೂ ನಡುವಿನ ದಾರಿ ನಿಮ್ಮದೇ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಹೊತ್ತಿನಲ್ಲಿ ಜಾಗ ಇರುತ್ತದೆ.

ನಾನು ಪಾಲಿಸುವುದು ಒಂದೇ ಲೆಕ್ಕ. ಕದಲದ್ದಕ್ಕೆ ತಂತಿ, ಕದಲುವುದಕ್ಕೆ ಗಾಳಿ. ಟಿವಿ, ಮೇಜಿನ ಕಂಪ್ಯೂಟರ್, ಕ್ಯಾಮೆರಾ ರೆಕಾರ್ಡರ್ ಇವೆಲ್ಲ ಇಟ್ಟಲ್ಲೇ ಇರುತ್ತವೆ. ಅವನ್ನು ತಂತಿಗೆ ಹಾಕಿ. ಆಗ ಗಾಳಿಯಲ್ಲಿ ಜಾಗ ಖಾಲಿಯಾಗಿ ಫೋನು, ಲ್ಯಾಪ್‌ಟಾಪ್ ಕೂಡ ಚುರುಕಾಗುತ್ತವೆ. ವೈ-ಫೈ ಸರಿಯಿಲ್ಲ ಅನ್ನುವ ಮನೆಗಳಲ್ಲಿ ನಾನು ಮೊದಲು ಮಾಡುವ ಕೆಲಸ ಟಿವಿಗೆ ತಂತಿ ಹಾಕುವುದು. ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ದೂರು ನಿಂತಿದೆ.

ತಂತಿಯಲ್ಲಿರೋ ಕಂಪ್ಯೂಟರಿಗೂ ವೈ-ಫೈಲಿರೋ ಫೋನಿಗೂ ಒಂದಕ್ಕೊಂದು ಕಾಣ್ತವಾ?

ಕಾಣುತ್ತವೆ. ಒಂದೇ ರೌಟರಿನಿಂದ ವಿಳಾಸ ಪಡೆದಿದ್ದರೆ ಎರಡೂ ಒಂದೇ ಬೀದಿಯ ಮನೆಗಳು. ಪರೀಕ್ಷೆ ಸುಲಭ. ಎರಡರ ಐಪಿ ವಿಳಾಸ ನೋಡಿ. ಒಂದು 192.168.1.10, ಇನ್ನೊಂದು 192.168.1.23 ಹೀಗೆ ಮೊದಲ ಮೂರು ಭಾಗ ಒಂದೇ ಆಗಿದ್ದರೆ ಸರಿ. ಒಂದು 192.168.1ರಲ್ಲಿದ್ದು ಇನ್ನೊಂದು 192.168.0ರಲ್ಲಿದ್ದರೆ ಮನೆಯೊಳಗೆ ಎರಡು ರೌಟರ್ ಬೇರೆ ಬೇರೆ ಸಂಸಾರ ಹೂಡಿವೆ ಎಂದು ಸಾಮಾನ್ಯವಾಗಿ ಅರ್ಥ. ಅದನ್ನು ಸರಿ ಮಾಡುವ ಬಗೆ ಹಳೇ ರೌಟರಿನ ಪ್ರಶ್ನೆಯಲ್ಲಿದೆ.

100 ಎಂಬಿಪಿಎಸ್ ಪ್ಲ್ಯಾನ್ ಹಾಕ್ಸಿದೀನಿ, ಡೌನ್‌ಲೋಡ್ ಮಾಡುವಾಗ 12 ಅಂತ ತೋರಿಸ್ತದೆ. ಮೋಸ ಅಲ್ವಾ?

ಅಲ್ಲ. ಪ್ಲ್ಯಾನ್ ಹೇಳುವುದು ಮೆಗಾಬಿಟ್‌ನಲ್ಲಿ, ಡೌನ್‌ಲೋಡ್ ತೋರಿಸುವುದು ಮೆಗಾಬೈಟ್‌ನಲ್ಲಿ. 8 ಬಿಟ್‌ಗೆ 1 ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ನಿಮಗೆ ಪೂರ್ತಿ ಬರುತ್ತಿದೆ.

ವೈ-ಫೈ ಹೆಸರು ಎರಡು ಕಾಣ್ತವೆ, ಒಂದರ ಬಾಲದಲ್ಲಿ 5ಜಿ ಅಂತಿದೆ. ನಮ್ಮೂರಿಗೆ 5ಜಿ ಇನ್ನೂ ಬಂದಿಲ್ಲವಲ್ಲ?

ಈ ಹೆಸರಿಟ್ಟವರನ್ನು ಬೈಯಬೇಕು. ಮೊಬೈಲಿನ 5ಜಿ ಅಂದರೆ ಐದನೇ ತಲೆಮಾರು. ರೌಟರಿನ 5ಜಿ ಅಂದರೆ 5 ಗಿಗಾಹರ್ಟ್ಸ್ ತರಂಗ. ಸಂಬಂಧವೇ ಇಲ್ಲ.

2.4 ಗಿಗಾಹರ್ಟ್ಸ್ ನಿಧಾನ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್ ವೇಗ, ಆದರೆ ಗೋಡೆ ಕಂಡರೆ ಸೋಲುತ್ತದೆ. ಒಂದೇ ಕೋಣೆಯಲ್ಲಿದ್ದರೆ 5, ಎರಡು ಗೋಡೆ ಆಚೆ ಇದ್ದರೆ 2.4. ಮೈಕ್ರೋವೇವ್ ಒಲೆಯೂ ಬ್ಲೂಟೂತೂ 2.4ರ ಸುತ್ತಲೇ ಕೆಲಸ ಮಾಡುತ್ತವೆ. ಅನ್ನ ಬಿಸಿ ಮಾಡುವಾಗ ಅಡುಗೆಮನೆಯಲ್ಲಿ ಫೋನು ತಡವರಿಸಿದರೆ ಕಾರಣ ಅದೇ.

ರೌಟರ್ ಎಲ್ಲಿಟ್ಟರೆ ಒಳ್ಳೇದು?

ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ಬಯಲಾಗಿ. ಬಂದ ಹುಡುಗ ಫೈಬರ್ ಎಲ್ಲಿಂದ ಒಳಗೆ ತಂದನೋ ಅಲ್ಲೇ ರೌಟರ್ ಕೂರಿಸಿ ಹೋಗಿರುತ್ತಾನೆ. ಅದು ಹೆಚ್ಚಾಗಿ ಮನೆಯ ಒಂದು ಮೂಲೆ. ಅರ್ಧ ಸಿಗ್ನಲ್ ಬೀದಿಗೆ ಹೋಗುತ್ತದೆ.

ಕೆಲವು ವಸ್ತುಗಳು ವೈ-ಫೈಗೆ ವೈರಿಗಳು. ಸ್ಟೀಲ್ ಬೀರು, ದೊಡ್ಡ ಕನ್ನಡಿ, ಫ್ರಿಜ್ಜು, ನೀರಿನ ಟ್ಯಾಂಕು, ಅಕ್ವೇರಿಯಂ. ಟಿವಿಯ ಹಿಂದೆ ಬಚ್ಚಿಡುವುದೂ ಒಳ್ಳೆಯದಲ್ಲ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಕೆಂಪು ಕಲ್ಲಿನ ಗೋಡೆ ಇರುವ ಹಳೇ ಮನೆಗಳಲ್ಲಿ ಎರಡು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಉಸಿರು ಬಿಟ್ಟಿರುತ್ತದೆ. ತೊಟ್ಟಿ ಮನೆಗಳಲ್ಲಿ ಒಂದು ಅನುಕೂಲ ಇದೆ. ತೊಟ್ಟಿಗೆ ಮುಖ ಮಾಡಿ ಜಗಲಿಯ ಕಂಬಕ್ಕೆ ಇಟ್ಟರೆ ಸುತ್ತಲಿನ ಕೋಣೆಗಳ ಬಾಗಿಲಿಂದ ಒಳಗೆ ನುಗ್ಗುತ್ತದೆ. ಮಳೆಯ ಎರಚಲು ಬೀಳದ ಹಾಗೆ ನೋಡಿಕೊಳ್ಳಿ ಅಷ್ಟೇ.

## ತಂತಿಯ ವಿಚಾರ

ಅಂಗಡಿಯಲ್ಲಿ ಕ್ಯಾಟ್ 5ಇ, ಕ್ಯಾಟ್ 6, ಕ್ಯಾಟ್ 8 ಅಂತ ಏನೇನೋ ಹೇಳ್ತಾರೆ. ಯಾವುದು ತಗೊಳ್ಳಲಿ?

ಕ್ಯಾಟ್ 6, ಪೂರ್ತಿ ತಾಮ್ರದ್ದು. ಇಷ್ಟು ಹೇಳಿ ಅಂಗಡಿಯಿಂದ ಹೊರಗೆ ಬರಬಹುದು.

ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ 1 ಗಿಗಾಬಿಟ್ ಕೊಡುತ್ತದೆ. ಈಗಾಗಲೇ ಗೋಡೆಯೊಳಗೆ ಇದ್ದರೆ ಕೀಳಬೇಡಿ. ಹೊಸದಾಗಿ ಎಳೆಯುವಾಗ ಕ್ಯಾಟ್ 6 ಹಾಕಿ. ಸುಮಾರು 55 ಮೀಟರ್ ಒಳಗೆ ಅದು 10 ಗಿಗಾಬಿಟ್ ತಡೆದುಕೊಳ್ಳುತ್ತದೆ, ಅಷ್ಟು ಉದ್ದದ ಮನೆ ಯಾರದ್ದೂ ಇರಲಿಕ್ಕಿಲ್ಲ. ಕ್ಯಾಟ್ 8 ಡೇಟಾ ಸೆಂಟರಿಗೆ ಬೇಕಾದದ್ದು. ಮನೆಗೆ ಅದು ಪೇಟೆಗೆ ಹೋಗಲು ಟ್ರ್ಯಾಕ್ಟರ್ ತೆಗೆದ ಹಾಗೆ.

ನಿಜವಾದ ಅಪಾಯ ಬೇರೆ ಕಡೆ ಇದೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ ನಮ್ಮ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಪೆಟ್ಟಿಗೆ ಮೇಲೆ ಸಣ್ಣಕ್ಷರದಲ್ಲಿ ಸಿಸಿಎ ಅಂತ ಬರೆದಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಅದು ಬಾಗಿಸಿದರೆ ಬೇಗ ಮುರಿಯುತ್ತದೆ. ತಂತಿಯಲ್ಲೇ ಕ್ಯಾಮೆರಾಕ್ಕೆ ಕರೆಂಟು ಕಳಿಸಿದರೆ ಬಿಸಿಯಾಗುತ್ತದೆ. ಗುರುತಿಸಲು ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಪೆಟ್ಟಿಗೆ ಎತ್ತಿದಾಗ ಹಗುರ ಅನಿಸಿದರೂ ಅನುಮಾನ ಪಡಿ. ನಾನೇ ಒಮ್ಮೆ ಬೆಲೆ ನೋಡಿ ಮರುಳಾಗಿ ಒಂದು ಪೆಟ್ಟಿಗೆ ತಂದೆ. ಎರಡೇ ವರ್ಷಕ್ಕೆ ಅಟ್ಟದ ಮೇಲಿನದ್ದೆಲ್ಲ ಕಿತ್ತು ಮತ್ತೆ ಎಳೆದೆ. ಆ ಕೇಬಲ್ ಈಗ ಬಳ್ಳಿ ಅವರೆಗೆ ಚಪ್ಪರ ಕಟ್ಟಲು ಉಪಯೋಗವಾಗುತ್ತಿದೆ.

ಮನೆ ಕಟ್ಟಿಸ್ತಾ ಇದ್ದೇವೆ. ನೆಟ್‌ವರ್ಕಿಗೆ ಈಗಲೇ ಏನು ಮಾಡಿಟ್ಟುಕೊಳ್ಳಬೇಕು?

ಒಳ್ಳೇ ಸಮಯದಲ್ಲಿ ಕೇಳಿದಿರಿ. ಗಿಲಾಯಿ ಆದ ಮೇಲೆ ಕೇಳುವವರೇ ಜಾಸ್ತಿ.

ಮೊದಲು ಒಂದು ಜಾಗ ಆರಿಸಿ. ಅಲ್ಲಿ ಫೈಬರ್ ಒಳಗೆ ಬರಬೇಕು, ಎರಡು ಮೂರು ಕರೆಂಟ್ ಪಾಯಿಂಟ್ ಇರಬೇಕು, ಗಾಳಿಯಾಡಬೇಕು. ಮೆಟ್ಟಿಲ ಕೆಳಗಿನ ಜಾಗ ಅಥವಾ ಯುಪಿಎಸ್ ಇಡುವ ಕಡೆ ಸಾಕು. ಅಲ್ಲಿಂದ ಪ್ರತಿ ಕೋಣೆಗೂ ಬೇರೆ ಬೇರೆ ಪೈಪು ಹೋಗಲಿ. 25 ಮಿಲಿಮೀಟರಿನ ಪೈಪು ಹಾಕಿಸಿ. ಎಲೆಕ್ಟ್ರಿಶಿಯನ್ "ಕರೆಂಟ್ ಪೈಪಲ್ಲೇ ಬಿಡ್ತೀನಿ ಸಾರ್" ಅಂತ ಹೇಳಿಯೇ ಹೇಳುತ್ತಾನೆ. ಒಪ್ಪಬೇಡಿ. ಕರೆಂಟ್ ತಂತಿಯೂ ನೆಟ್‌ವರ್ಕ್ ತಂತಿಯೂ ಒಂದೇ ಪೈಪಿನಲ್ಲಿ ಇರಬಾರದು. ಅದು ಸಿಗ್ನಲ್ ಪ್ರಶ್ನೆಗಿಂತ ಜೀವದ ಪ್ರಶ್ನೆ. ಪಕ್ಕಪಕ್ಕ ಹೋಗಲೇಬೇಕಾದರೆ ಒಂದು ಗೇಣಾದರೂ ಅಂತರ ಬಿಡಿ. ಅಡ್ಡ ದಾಟುವಲ್ಲಿ ನೇರ ಕೋನದಲ್ಲಿ ದಾಟಲಿ.

ಟಿವಿ ಗೋಡೆಗೆ ಎರಡು ಪಾಯಿಂಟ್, ಓದುವ ಮೇಜಿಗೆ ಎರಡು. ಪ್ರತಿ ಮಹಡಿಯ ನಡುವೆ ಛಾವಣಿಯಲ್ಲಿ ಒಂದು. ಈ ಛಾವಣಿಯದ್ದು ಮರೆಯಬೇಡಿ, ಮುಂದೆ ಆಕ್ಸೆಸ್ ಪಾಯಿಂಟ್ ನೇತುಹಾಕುವುದು ಅಲ್ಲೇ. ಗೇಟು ಮತ್ತು ಹಿತ್ತಲಿನ ಕ್ಯಾಮೆರಾಕ್ಕೂ ಪೈಪು ಬಿಡಿಸಿ. ಕೇಬಲ್ ಈಗಲೇ ಎಳೆಯದಿದ್ದರೂ ಪರವಾಗಿಲ್ಲ, ಪೈಪಿನೊಳಗೆ ಒಂದು ನೈಲಾನ್ ದಾರ ಬಿಟ್ಟಿರಿ. ಹತ್ತು ವರ್ಷ ಬಿಟ್ಟು ಮಗಳು ಬೇರೆ ಏನೋ ಎಳೆಯಬೇಕು ಅಂದಾಗ ಆ ದಾರ ಕೈಗೆ ಬರುತ್ತದೆ.

ಪಿನ್ನು ನಾನೇ ಹೊಡೀಬಹುದಾ? ಬಣ್ಣದ ಲೆಕ್ಕ ಹೇಳಿ.

ಹೊಡೆಯಬಹುದು. ಕ್ರಿಂಪಿಂಗ್ ಇಕ್ಕಳ, ಆರ್‌ಜೆ45 ಪಿನ್ನು, ಅಗ್ಗದ ಟೆಸ್ಟರ್ ಇದ್ದರೆ ಆಯಿತು. ಪಿನ್ನಿನ ಕೊಕ್ಕೆ ಕೆಳಮುಖ ಇರಲಿ, ಕೇಬಲ್ ನಿಮ್ಮ ಕಡೆಯಿಂದ ಒಳಗೆ ಹೋಗಲಿ. ಎಡದಿಂದ ಬಲಕ್ಕೆ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದಕ್ಕೆ 568ಬಿ ಕ್ರಮ ಅನ್ನುತ್ತಾರೆ. ಎರಡೂ ತುದಿಗೆ ಇದೇ ಕ್ರಮ.

ಹಸಿರು ಜೋಡಿ ನೀಲಿಯ ಆಚೆ ಈಚೆ ಬೇರೆಯಾಗಿ ಕೂರುತ್ತದೆ. ಹೊಸಬರು ತಪ್ಪುವುದು ಅಲ್ಲೇ. ಎಳೆಗಳ ಹುರಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ಬಿಚ್ಚಬೇಡಿ, ಪಕ್ಕದ ಜೋಡಿಯ ಗದ್ದಲ ಒಳಗೆ ಬರದಂತೆ ತಡೆಯುವುದು ಆ ಹುರಿಯೇ. ಗೋಡೆಯೊಳಗಿನ ಗಟ್ಟಿ ಕೇಬಲ್‌ಗೆ ಪಿನ್ನು ಹೊಡೆಯುವುದಕ್ಕಿಂತ ಗೋಡೆಯಲ್ಲಿ ಸಾಕೆಟ್ ಕೂರಿಸಿ, ಅಲ್ಲಿಂದ ಅಂಗಡಿಯ ಸಿದ್ಧ ತಂತಿ ಹಾಕುವುದು ಬಾಳಿಕೆ.

ಪ್ಲ್ಯಾನ್ 300ರದ್ದು. ತಂತಿ ಹಾಕಿದ್ರೂ 94ಕ್ಕೆ ನಿಂತುಬಿಡ್ತದೆ. ಯಾಕೆ?

94 ಅನ್ನುವ ಸಂಖ್ಯೆಯೇ ಕಾರಣ ಹೇಳುತ್ತಿದೆ. ಎಲ್ಲೋ ಒಂದು ಕೊಂಡಿ 100ಕ್ಕೆ ಇಳಿದಿದೆ. 100ರ ಸಂಪರ್ಕದಲ್ಲಿ ಮೇಲ್ಖರ್ಚು ಕಳೆದು ಕೈಗೆ ಸಿಗುವುದು 94ರ ಆಸುಪಾಸು.

100ಕ್ಕೆ ಕೇಬಲ್ಲಿನ ಎರಡು ಜೋಡಿ ಎಳೆ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಪಿನ್ನಿನೊಳಗೆ ಸರಿಯಾಗಿ ಕೂರದಿದ್ದರೂ ಎರಡೂ ತುದಿಯವರು ಮಾತಾಡಿಕೊಂಡು 100ಕ್ಕೆ ಇಳಿದುಬಿಡುತ್ತಾರೆ. ನೆಟ್ ನಡೆಯುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಮೊದಲು ಕೇಬಲ್ ಬದಲಿಸಿ ನೋಡಿ. ಆಮೇಲೆ ಸ್ವಿಚ್ ಹಳೆಯದೇ ನೋಡಿ. ಕೆಲವು ಒಎನ್‌ಟಿಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100ರವು. ತಂತಿ ಬೇರೆ ತೂತಿಗೆ ಹಾಕಿ ನೋಡಿ. ಟಿವಿಯ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ದುಬಾರಿ ಟಿವಿಗಳಲ್ಲೂ 100ರ ಪೋರ್ಟೇ ಇರುವುದುಂಟು, ಸಿನಿಮಾ ನೋಡಲು ಅದು ಧಾರಾಳ ಸಾಕು.

ರೌಟರಿನ ನಾಲ್ಕು ತೂತೂ ತುಂಬಿ ಹೋದವು. ಮುಂದೆ?

5 ಅಥವಾ 8 ಪೋರ್ಟಿನ ಗಿಗಾಬಿಟ್ ಸ್ವಿಚ್ ತನ್ನಿ. ಅನ್‌ಮ್ಯಾನೇಜ್ಡ್ ಅಂತ ಬರೆದಿರುವುದು ಸಾಕು. ಅದಕ್ಕೆ ಸೆಟ್ಟಿಂಗೇ ಇಲ್ಲ. ರೌಟರಿನಿಂದ ಒಂದು ತಂತಿ ಸ್ವಿಚ್ಚಿಗೆ, ಉಳಿದ ತೂತು ನಿಮ್ಮ ಸಾಮಾನಿಗೆ.

ಒಂದೇ ಎಚ್ಚರಿಕೆ. ಒಂದು ತಂತಿಯ ಎರಡೂ ತುದಿ ಅದೇ ಸ್ವಿಚ್ಚಿಗೆ ಹೋಗಬಾರದು. ನಮ್ಮ ಮನೆಯಲ್ಲಿ ಒಂದು ಭಾನುವಾರ ಇಡೀ ನೆಟ್‌ವರ್ಕ್ ಸತ್ತಿತು. ಸ್ವಿಚ್ಚಿನ ದೀಪಗಳೆಲ್ಲ ದೀಪಾವಳಿ ಸರದ ಹಾಗೆ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಎರಡು ತಾಸು ರೌಟರಿಗೆ ಬೈದೆ. ಕೊನೆಗೆ ನೋಡಿದರೆ, ಕಸ ಗುಡಿಸುವಾಗ ನೇತಾಡುತ್ತಿದ್ದ ತಂತಿಯ ತುದಿಯನ್ನು ನಾನೇ ಚೆಂದಕ್ಕೆ ಖಾಲಿ ತೂತಿಗೆ ಸಿಕ್ಕಿಸಿದ್ದೆ. ಒಂದು ಸಂದೇಶ ಸುತ್ತಿ ಸುತ್ತಿ ಬಂದು ಎಲ್ಲರ ದಾರಿ ಕಟ್ಟಿತ್ತು.

## ವೈ-ಫೈಯನ್ನು ಮನೆ ತುಂಬ ಹರಡುವುದು

ಮೇಲಿನ ಮಹಡಿಗೆ ಸಿಗ್ನಲ್ ಬರಲ್ಲ. ರಿಪೀಟರ್ ಹಾಕಲಾ, ಮೆಶ್ ಹಾಕಲಾ?

ಮೊದಲು ಒಂದು ಮಾತು ಹೇಳಿ. ಮೇಲಕ್ಕೆ ಒಂದು ತಂತಿ ಒಯ್ಯಲು ಸಾಧ್ಯವೇ? ಸಾಧ್ಯ ಇದ್ದರೆ ಪ್ರಶ್ನೆಯೇ ಇಲ್ಲ. ತಂತಿ ಒಯ್ದು ಅದರ ತುದಿಗೆ ಆಕ್ಸೆಸ್ ಪಾಯಿಂಟ್ ಹಾಕಿ. ಇದಕ್ಕಿಂತ ಒಳ್ಳೆಯ ವೈ-ಫೈ ಇಲ್ಲ. ಜನ ವೈ-ಫೈಯನ್ನು ತಂತಿಗೆ ಬದಲಿ ಅಂದುಕೊಳ್ಳುತ್ತಾರೆ. ಚೆನ್ನಾಗಿ ನಡೆಯುವ ವೈ-ಫೈ ಎಲ್ಲ ಕಡೆ ನೋಡಿ, ಆಫೀಸು, ಕಾಲೇಜು, ವಿಮಾನ ನಿಲ್ದಾಣ, ಪ್ರತಿ ಆಕ್ಸೆಸ್ ಪಾಯಿಂಟಿನ ಬೆನ್ನಿಗೂ ಒಂದು ತಂತಿ ಇರುತ್ತದೆ. ಗಾಳಿಯಲ್ಲಿ ಹೋಗುವುದು ಕೊನೆಯ ನಾಲ್ಕು ಮಾರು ಮಾತ್ರ.

ತಂತಿ ಆಗುವುದೇ ಇಲ್ಲ, ಬಾಡಿಗೆ ಮನೆ, ಓನರು ಒಂದು ಮೊಳೆ ಹೊಡೆಯಲು ಬಿಡುವುದಿಲ್ಲ ಅಂದರೆ ಮೆಶ್ ಸರಿ. ಹಲವು ಡಬ್ಬಿಗಳು ಗಾಳಿಯಲ್ಲೇ ಒಂದಕ್ಕೊಂದು ಮಾತಾಡಿ ಒಂದೇ ವೈ-ಫೈಯನ್ನು ಮನೆ ತುಂಬ ಹರಡುವುದೇ ಮೆಶ್. ಮೂರು ರೇಡಿಯೋ ಇರುವ ಮೆಶ್ ಆದರೆ ಒಂದನ್ನು ಡಬ್ಬಿಗಳ ನಡುವಿನ ಮಾತಿಗೇ ಮೀಸಲಿಡಬಹುದು. ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳಬೇಕು. ಹಾಗಾಗಿ ವೇಗ ಅರ್ಧಕ್ಕೆ ಬೀಳುತ್ತದೆ.

ಯಾವುದೇ ಆಗಲಿ, ಸಿಗ್ನಲ್ ಸತ್ತ ಕೋಣೆಯಲ್ಲಿ ಇಡಬೇಡಿ. ಅಲ್ಲಿ ಅದಕ್ಕೇ ಏನೂ ಕೇಳಿಸುವುದಿಲ್ಲ, ಇನ್ನು ನಿಮಗೇನು ಹೇಳುತ್ತದೆ? ಅರ್ಧ ದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ ಇಡಿ. ಮೆಟ್ಟಿಲ ತಿರುವು ಒಳ್ಳೆಯ ಜಾಗ. ಮೆಶ್ ತಂದ ಮೇಲೆ ಹಳೇ ಡಬ್ಬಿಯ ವೈ-ಫೈ ಆಫ್ ಮಾಡುವುದನ್ನು ಮರೆಯಬೇಡಿ. ಮೆಶ್ ಡಬ್ಬಿಗಳಿಗೂ ಹಿಂದೆ ಈಥರ್ನೆಟ್ ತೂತು ಇದ್ದರೆ, ಮುಂದೆ ತಂತಿ ಸಿಕ್ಕ ದಿನ ಜೋಡಿಸಿಬಿಡಿ.

ಹಳೇ ರೌಟರ್ ಒಂದು ಬೀರುವಲ್ಲಿ ಬಿದ್ದಿದೆ. ಅದನ್ನೇ ಆಕ್ಸೆಸ್ ಪಾಯಿಂಟ್ ಮಾಡಬಹುದಾ?

ಧಾರಾಳವಾಗಿ. ಹೊಸದು ಕೊಳ್ಳುವ ಮೊದಲು ಇದನ್ನೇ ಮಾಡಿ.

ಮುಖ್ಯ ರೌಟರಿನ ವಿಳಾಸ 192.168.1.1 ಅಂದುಕೊಳ್ಳೋಣ. ಹಳೇ ರೌಟರನ್ನು ರೀಸೆಟ್ ಮಾಡಿ, ಕಂಪ್ಯೂಟರಿಗೆ ಮಾತ್ರ ತಂತಿಯಲ್ಲಿ ಜೋಡಿಸಿ, ಬ್ರೌಸರಿನಲ್ಲಿ ಅದರ ಸೆಟ್ಟಿಂಗ್ ಪುಟ ತೆರೆಯಿರಿ. ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತಲೇ ಇದ್ದರೆ ಅದನ್ನು ಒತ್ತಿ, ಕೆಲಸ ಮುಗಿಯಿತು. ಇಲ್ಲದಿದ್ದರೆ ಕೈಯಲ್ಲಿ ಮಾಡಬೇಕು. ಮೊದಲು ವೈ-ಫೈ ಹೆಸರು, ಪಾಸ್‌ವರ್ಡ್ ಹಾಕಿ. ಆಮೇಲೆ ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿ. ಆ ವಿಳಾಸ ಮುಖ್ಯ ರೌಟರ್ ಬೇರೆಯವರಿಗೆ ಹಂಚುವ ಪಟ್ಟಿಯಲ್ಲಿ ಇರಬಾರದು. ಕೊನೆಗೆ ಹೊಸ ವಿಳಾಸದಲ್ಲಿ ಮತ್ತೆ ಒಳಹೋಗಿ ಡಿಎಚ್‌ಸಿಪಿ ಆಫ್ ಮಾಡಿ. ವಿಳಾಸ ಹಂಚುವ ಶ್ಯಾನುಭೋಗ ಊರಿಗೆ ಒಬ್ಬನೇ ಇರಬೇಕು. ಇಬ್ಬರಿದ್ದರೆ ಒಂದೇ ಸೈಟು ಇಬ್ಬರಿಗೆ ಬರೆದುಕೊಡುತ್ತಾರೆ.

ಇನ್ನು ತಂತಿ. ಮುಖ್ಯ ರೌಟರಿನ ಲ್ಯಾನ್ ತೂತಿನಿಂದ (ಮನೆಯ ಸಾಮಾನಿಗೆ ತಂತಿ ಹಾಕುವಂಥದ್ದು) ಹಳೇ ರೌಟರಿನ ಲ್ಯಾನ್ ತೂತಿಗೆ. ಹೊರಗಿನ ನೆಟ್ ಬರುವ, ಬೇರೆ ಬಣ್ಣದ ವ್ಯಾನ್ ತೂತು ಖಾಲಿ ಇರಲಿ. ಹತ್ತಕ್ಕೆ ಎಂಟು ಜನ ವ್ಯಾನ್‌ಗೆ ಹಾಕುತ್ತಾರೆ. ಆಗ ನೆಟ್ ಬರುತ್ತದೆ, ಆದರೆ ಮೇಲಿನ ಫೋನಿಗೆ ಕೆಳಗಿನ ಪ್ರಿಂಟರ್ ಹುಡುಕಲು ಸಿಗುವುದಿಲ್ಲ. ರೌಟರಿನ ಹಿಂದೆ ರೌಟರ್ ಕೂತಿದ್ದೇ ಕಾರಣ.

ಎರಡಕ್ಕೂ ಒಂದೇ ವೈ-ಫೈ ಹೆಸರು ಇಡ್ಬೇಕಾ?

ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ರೀತಿಯ ಭದ್ರತೆ, ಆದರೆ ಬೇರೆ ಬೇರೆ ಚಾನೆಲ್. ಆಗ ಫೋನು ತಾನೇ ಹತ್ತಿರದ್ದಕ್ಕೆ ಹಾರುತ್ತದೆ. ಯಾವಾಗ ಹಾರಬೇಕು ಎಂದು ತೀರ್ಮಾನಿಸುವುದು ಫೋನೇ, ರೌಟರ್ ಅಲ್ಲ. ಕೆಲವು ಫೋನುಗಳು ಮೊಂಡು. ಕೆಳಗಿನ ಒಂದು ಗೆರೆ ಸಿಗ್ನಲ್‌ಗೇ ಅಂಟಿಕೊಂಡು ಕೂರುತ್ತವೆ. ಅಂಥದ್ದಕ್ಕೆ ಎರಡೂ ಡಬ್ಬಿಗಳ ಸಿಗ್ನಲ್ ಬಲವನ್ನು ಸ್ವಲ್ಪ ಇಳಿಸಿ ನೋಡಿ. ವಿಚಿತ್ರ ಅನಿಸಿದರೂ ಕೆಲಸ ಮಾಡುತ್ತದೆ.

ಅಪಾರ್ಟ್‌ಮೆಂಟ್‌ನಲ್ಲಿ 40 ವೈ-ಫೈ ಕಾಣ್ತವೆ. ರಾತ್ರಿ ಎಂಟಾದ್ರೆ ನಮ್ದು ಮಲಗಿಬಿಡ್ತದೆ.

2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 13 ಇದ್ದರೂ ಒಂದಕ್ಕೊಂದು ತಾಗದವು ಮೂರೇ: 1, 6, 11. 40 ಮನೆಯವರು ಆ ಮೂರನ್ನೇ ಹಂಚಿಕೊಳ್ಳಬೇಕು. ಜಾಣತನ ಮಾಡಿ 3 ಅಥವಾ 8 ಆರಿಸಿದರೆ ಎರಡೂ ಕಡೆಯ ಗದ್ದಲ ನಿಮಗೆ, ನಿಮ್ಮ ಗದ್ದಲ ಅವರಿಗೆ. ಚಾನೆಲ್ಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೇ ಇಡಿ, 40 ಮಾಡಬೇಡಿ.

ನಿಜವಾದ ಪರಿಹಾರ 5 ಗಿಗಾಹರ್ಟ್ಸ್. ಅಲ್ಲಿ ಜಾಗ ಜಾಸ್ತಿ, ಗೋಡೆ ದಾಟದ ಅದರ ದುರ್ಗುಣವೇ ಅಪಾರ್ಟ್‌ಮೆಂಟಿನಲ್ಲಿ ಗುಣ. ಪಕ್ಕದವರದು ಒಳಗೆ ಬರುವುದಿಲ್ಲ. ಭಾರತದಲ್ಲಿ 2018ರಲ್ಲಿ ಈ ಪಟ್ಟಿಯ ಬಹುಪಾಲು ಲೈಸೆನ್ಸ್ ಇಲ್ಲದ ಬಳಕೆಗೆ ತೆರೆದುಕೊಂಡಿತು. ಹೆಚ್ಚಿನವರ ರೌಟರ್ 36ರಿಂದ 48ರ ಚಾನೆಲ್‌ಗಳಲ್ಲೇ ಕೂತಿರುತ್ತದೆ. 149ರಿಂದ ಮೇಲಿನವನ್ನೂ ನೋಡಿ. ಬೆಳಿಗ್ಗೆ ನೋಡಿದರೆ ಎಲ್ಲ ಖಾಲಿ ಕಾಣುತ್ತವೆ, ರಾತ್ರಿ ಎಂಟಕ್ಕೇ ನೋಡಿ ಆರಿಸಿ.

ಕರೆಂಟ್ ವೈರಿನಲ್ಲೇ ನೆಟ್ ಕಳಿಸೋ ಅಡಾಪ್ಟರ್ ಇದೆಯಂತೆ, ಹೌದಾ?

ಇದೆ. ಪವರ್‌ಲೈನ್ ಅಂತ ಹೆಸರು. ಎರಡೂ ಸಾಕೆಟ್ ಒಂದೇ ಫೇಸಿನಲ್ಲಿದ್ದು ವೈರಿಂಗ್ ಚೆನ್ನಾಗಿದ್ದರೆ ನಡೆಯುತ್ತದೆ. ಮೂರು ಫೇಸ್ ಮನೆಗಳಲ್ಲಿ, ಇನ್ವರ್ಟರ್ ಲೈನ್ ಬೇರೆ ಇರುವ ಮನೆಗಳಲ್ಲಿ ಅದೃಷ್ಟದ ಆಟ. ವಾಪಸ್ ಕೊಡಬಹುದು ಅಂದರೆ ಮಾತ್ರ ಕೊಳ್ಳಿ.

ಪ್ರಿಂಟರ್ ವೈ-ಫೈಗೆ ಸೇರಿದೆ ಅನ್ನತ್ತೆ, ಕಂಪ್ಯೂಟರಿಗೆ ಮಾತ್ರ ಕಾಣಲ್ಲ.

ಪ್ರಿಂಟರನ್ನು ಗೆಸ್ಟ್ ನೆಟ್‌ವರ್ಕಿಗೆ ಸೇರಿಸಿದ್ದೀರಾ ನೋಡಿ. ಗೆಸ್ಟ್‌ನಲ್ಲಿರುವವರಿಗೆ ಮನೆಯ ಉಳಿದವರು ಕಾಣಬಾರದು, ಅದಿರುವುದೇ ಅದಕ್ಕೆ. ಅಲ್ಲಿ ಇಲ್ಲದಿದ್ದರೆ ವೈ-ಫೈಯಲ್ಲಿರುವವರನ್ನು ಒಬ್ಬರಿಗೊಬ್ಬರು ಕಾಣದಂತೆ ಮಾಡುವ ಎಪಿ ಐಸೊಲೇಶನ್ ರೌಟರಿನಲ್ಲಿ ಆನ್ ಆಗಿದೆಯೇ ನೋಡಿ ಆಫ್ ಮಾಡಿ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಬಗೆ ಪಬ್ಲಿಕ್ ಅಂತಿದ್ದರೆ ಪ್ರೈವೇಟ್ ಮಾಡಿ. ಕಡೆಗೆ, ಪ್ರಿಂಟರಿಗೆ ರೌಟರಿನಲ್ಲಿ ಒಂದು ವಿಳಾಸ ಕಾಯ್ದಿರಿಸಿ. ದಿನಕ್ಕೊಂದು ವಿಳಾಸ ಬದಲಾಗುವ ಪ್ರಿಂಟರನ್ನು ಕಂಪ್ಯೂಟರ್ ಹಳೇ ಮನೆಯಲ್ಲೇ ಹುಡುಕುತ್ತಿರುತ್ತದೆ. ಹೆಚ್ಚಿನ ಅಗ್ಗದ ಪ್ರಿಂಟರುಗಳಿಗೂ ಸ್ಮಾರ್ಟ್ ಬಲ್ಬುಗಳಿಗೂ 2.4 ಮಾತ್ರ ಗೊತ್ತು ಅನ್ನುವುದು ನೆನಪಿರಲಿ.

## ಸ್ವಲ್ಪ ಮುಂದಕ್ಕೆ

ಮನೆಯಿಂದ ತೋಟದ ಪಂಪ್‌ಹೌಸ್‌ಗೆ 300 ಮೀಟರ್. ಕ್ಯಾಮೆರಾ ಹಾಕ್ಬೇಕು. ಕೇಬಲ್ ಎಳೆದ್ರೆ ಆಗುತ್ತಾ?

ತಾಮ್ರದ ಈಥರ್ನೆಟ್ 100 ಮೀಟರಿಗೆ ಮುಗಿಯಿತು. ಎರಡು ದಾರಿ ಉಳಿಯುತ್ತವೆ.

ಒಂದು, ಗಾಳಿಯ ಸೇತುವೆ. 5 ಗಿಗಾಹರ್ಟ್ಸ್‌ನ ಎರಡು ಹೊರಾಂಗಣ ಡಬ್ಬಿ ಎದುರುಬದುರು ಕೂರಿಸುವುದು. 300 ಮೀಟರ್ ಅದಕ್ಕೆ ಲೆಕ್ಕವೇ ಅಲ್ಲ. ಆದರೆ ಒಂದು ಕಣ್ಣಿಗೆ ಇನ್ನೊಂದು ಕಾಣಬೇಕು. ಬರೀ ಗೆರೆಯಷ್ಟು ಕಂಡರೆ ಸಾಲದು, ನಡುವೆ ಉಬ್ಬಿದ ಬಾಳೆಕಾಯಿ ಆಕಾರದಷ್ಟು ಜಾಗ ಖಾಲಿ ಇರಬೇಕು. ಬೇಸಿಗೆಯಲ್ಲಿ ಕೂರಿಸಿದ್ದು ಮಳೆಗಾಲದಲ್ಲಿ ನಿಲ್ಲುವುದು ಇದಕ್ಕೇ. ಸೋಗೆ ಅಡ್ಡ ಬಂದಿರುತ್ತದೆ, ಒದ್ದೆ ಎಲೆ ಸಿಗ್ನಲ್ ಕುಡಿಯುತ್ತದೆ. ಅಡಿಕೆ ಮರ ವರ್ಷ ವರ್ಷ ಬೆಳೆಯುತ್ತದೆ, ನಿಮ್ಮ ಕಂಬ ಬೆಳೆಯುವುದಿಲ್ಲ. ಕಂಬ ಎತ್ತರ ಇರಲಿ.

ಎರಡು, ಫೈಬರ್. ಎರಡು ತುದಿಗೆ ಬೆಳಕು-ವಿದ್ಯುತ್ ಬದಲಿಸುವ ಮೀಡಿಯಾ ಕನ್ವರ್ಟರ್, ನಡುವೆ ಸಿಂಗಲ್ ಮೋಡ್ ಫೈಬರ್. ಊರಿನ ಕೇಬಲ್ ಹುಡುಗರ ಹತ್ತಿರ ಜೋಡಿಸುವ ಯಂತ್ರ ಇರುತ್ತದೆ, ಕೇಳಿದರೆ ಬಂದು ಮಾಡಿಕೊಡುತ್ತಾರೆ. ಮಂಗಗಳ ಕಾಟ ಇದ್ದರೆ ಪೈಪಿನೊಳಗೆ ಹೂತುಬಿಡಿ. ಕೆಲವರು ಬೇಲಿ ಗುಂಟ ನೇತುಹಾಕಿ, ಕಳೆ ಕತ್ತರಿಸುವ ಯಂತ್ರಕ್ಕೆ ಬಲಿ ಕೊಟ್ಟಿದ್ದಾರೆ.

ಕ್ಯಾಮೆರಾಕ್ಕೆ ಕರೆಂಟು ತಂತಿಯಲ್ಲೇ ಹೋಗುವ ಪಿಒಇ ಬಗೆ ಒಳ್ಳೆಯದು. ಆದರೆ ಅಗ್ಗದ 24 ವೋಲ್ಟಿನ ಪ್ಯಾಸಿವ್ ಇಂಜೆಕ್ಟರನ್ನು (ತಂತಿಗೆ ಕರೆಂಟು ಸೇರಿಸುವ ಡಬ್ಬಿ) ಸಿಕ್ಕ ಸಿಕ್ಕ ಸಾಮಾನಿಗೆ ಜೋಡಿಸಬೇಡಿ. 802.3 ಎಎಫ್ ಗುರುತಿನದ್ದು ಆಚೆ ಇರುವವರನ್ನು ಕೇಳಿ ಕರೆಂಟು ಕೊಡುತ್ತದೆ, ಪ್ಯಾಸಿವ್ ಕೇಳದೇ ಕೊಡುತ್ತದೆ.

ಪ್ರತಿ ಏಪ್ರಿಲ್‌ನಲ್ಲಿ ಸಿಡಿಲಿಗೆ ರೌಟರ್ ಸುಟ್ಟು ಹೋಗ್ತದೆ. ಫೈಬರ್ ಅಲ್ವಾ, ಅದಕ್ಕೂ ಹೊಡೀತದಾ?

ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಸಿಡಿಲು ಒಳಗೆ ಬರುವ ದಾರಿಗಳು ಬೇರೆ. ಮೊದಲನೆಯದು ಕರೆಂಟಿನ ಸಾಕೆಟ್. ಎರಡನೆಯದು ಮನೆಯಿಂದ ಹೊರಗೆ ಹೋದ ತಾಮ್ರದ ತಂತಿ, ಅಂದರೆ ಗೇಟಿನ ಕ್ಯಾಮೆರಾ, ಕೊಟ್ಟಿಗೆಗೆ ಎಳೆದ ಈಥರ್ನೆಟ್. ಮೂರನೆಯದು ಯಾರೂ ನೆನೆಸದ್ದು. ಕೆಲವು ಫೈಬರ್ ಕೇಬಲ್ಲಿಗೆ ಆಧಾರವಾಗಿ ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಿ, ಒಳಗೆ ಬರೀ ಫೈಬರ್ ತರಬೇಕು.

ಮೋಡ ಕಟ್ಟಿದಾಗ ಅಡಾಪ್ಟರ್ ಪ್ಲಗ್ ಕೀಳುವುದೇ ಇವತ್ತಿಗೂ ಒಳ್ಳೆಯ ಉಪಾಯ. ಅದರ ಜೊತೆ ಹೊರಗೆ ಹೋಗುವ ತಾಮ್ರದ ತಂತಿಯನ್ನೂ ಕೀಳಿ. ಪ್ಲಗ್ ಕಿತ್ತು ತಂತಿ ಬಿಟ್ಟವರ ಸ್ವಿಚ್ ಸುಟ್ಟದ್ದನ್ನು ನೋಡಿದ್ದೇನೆ. ಎರಡು ಕಟ್ಟಡಗಳ ನಡುವೆ ಫೈಬರ್ ಅಥವಾ ಗಾಳಿಯ ಸೇತುವೆ ಆದರೆ ಈ ದಾರಿಯೇ ಇರುವುದಿಲ್ಲ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಸುಮ್ನೆ ಅಲಂಕಾರ.

ಕರೆಂಟ್ ಹೋದ್ರೂ ನೆಟ್ ಇರೋ ಹಾಗೆ ಮಾಡೋದು ಹೇಗೆ?

ರೌಟರಿಗೆಂದೇ ಬರುವ ಚಿಕ್ಕ ಯುಪಿಎಸ್ ಸಾಕು. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ. ಹೆಚ್ಚಿನವು 12 ವೋಲ್ಟ್. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಜಾಸ್ತಿ ಇರಬಹುದು. ಒಎನ್‌ಟಿ, ರೌಟರ್, ಸ್ವಿಚ್ ಬೇರೆ ಬೇರೆ ಇದ್ದರೆ ಮೂರಕ್ಕೂ ಬೇಕು. ಜನ ಒಂದಕ್ಕೆ ಹಾಕಿ ಎರಡನ್ನು ಮರೆಯುತ್ತಾರೆ. ಇಷ್ಟು ಮಾಡಿದರೂ ನೆಟ್ ಹೋದರೆ ತೊಂದರೆ ನಿಮ್ಮ ಮನೆಯಲ್ಲಿಲ್ಲ. ಜಿಪಾನ್ ಬಗೆಯ ಫೈಬರಿನಲ್ಲಿ ದಾರಿ ನಡುವಿನ ಪೆಟ್ಟಿಗೆಗೆ ಕರೆಂಟೇ ಬೇಡ. ಕಂಬದ ಮೇಲೆ ಸ್ವಿಚ್ ಇಟ್ಟು ನಡೆಸುವ ಕಡೆ ಆ ಕಂಬದ ಕರೆಂಟು ಹೋದರೆ ಬೀದಿಯೇ ಖಾಲಿ.

ಭದ್ರತೆಗೆ ಕನಿಷ್ಠ ಏನು ಮಾಡ್ಬೇಕು?

ವೈ-ಫೈ ಭದ್ರತೆಯ ಬಗೆ ಡಬ್ಲ್ಯೂಪಿಎ2 ಅಥವಾ 3 ಇರಲಿ. ಡಬ್ಲ್ಯೂಇಪಿ ಅಂತ ಕಂಡರೆ ಆ ರೌಟರನ್ನು ಗುಜರಿಗೆ ಹಾಕಿ. ಪಾಸ್‌ವರ್ಡ್ ಇಲ್ಲದೆ ಗುಂಡಿ ಒತ್ತಿ ಅಥವಾ ಪಿನ್ ಸಂಖ್ಯೆ ಹಾಕಿ ಸೇರಿಸುವ ಡಬ್ಲ್ಯೂಪಿಎಸ್ ಆಫ್ ಮಾಡಿ. ರೌಟರಿನ ಒಳಹೋಗುವ ಪಾಸ್‌ವರ್ಡ್ ಅಡ್ಮಿನ್ ಅಂತಲೇ ಇದ್ದರೆ ಇವತ್ತೇ ಬದಲಿಸಿ. ವೈ-ಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ಬಂದ ನೆಂಟರಿಗೂ, ಅಗ್ಗದ ಕ್ಯಾಮೆರಾ, ಬಲ್ಬುಗಳಿಗೂ ಗೆಸ್ಟ್ ನೆಟ್‌ವರ್ಕ್ ಕೊಡಿ. ಹೆಸರು ಬಚ್ಚಿಡುವುದರಿಂದ ಏನೂ ಪ್ರಯೋಜನ ಇಲ್ಲ.

ನಾನು ದುಬೈನಲ್ಲಿದ್ದೇನೆ. ಊರಿನ ಮನೆಯ ರೆಕಾರ್ಡರಿಗೆ ಪೋರ್ಟ್ ಫಾರ್ವರ್ಡ್ ಮಾಡಿದ್ರೂ ಹೊರಗಿಂದ ಸಿಗ್ತಿಲ್ಲ.

ಪೋರ್ಟ್ ಫಾರ್ವರ್ಡ್ ಅಂದರೆ ಹೊರಗಿಂದ ಬಂದವರನ್ನು ಒಳಗಿನ ಒಂದು ಸಾಮಾನಿಗೆ ಕಳಿಸಲು ರೌಟರಿನಲ್ಲಿ ಬಾಗಿಲು ತೆರೆಯುವುದು. ಮನೆಯವರಿಗೆ ರೌಟರಿನ ಪುಟದಲ್ಲಿ ವ್ಯಾನ್ ವಿಳಾಸ, ಅಂದರೆ ಹೊರಗಿನ ಕಡೆಯ ವಿಳಾಸ, ನೋಡಲು ಹೇಳಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮ ಮನೆಗೆ ಸ್ವಂತ ಬಾಗಿಲು ಸಂಖ್ಯೆಯೇ ಇಲ್ಲ. ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಅದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಒಳಗೆ ನೀವು ಎಷ್ಟು ಪೋರ್ಟ್ ತೆರೆದರೂ ಹೊರಗಿನ ಬಾಗಿಲು ಕಂಪನಿಯ ಕೈಯಲ್ಲಿದೆ. ದುಡ್ಡು ಕೊಟ್ಟು ಸ್ಥಿರ ವಿಳಾಸ ಪಡೆಯಬಹುದು. ಇಲ್ಲವೇ ಮನೆಯ ಒಂದು ಕಂಪ್ಯೂಟರಿನಲ್ಲಿ ಟೇಲ್‌ಸ್ಕೇಲ್‌ನಂಥ ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೆ ಖಾಸಗಿ ದಾರಿ ಮಾಡುವ ತಂತ್ರಾಂಶ, ಹಾಕಬಹುದು. ಅದು ಒಳಗಿನಿಂದಲೇ ಹೊರಗೆ ಕೈ ಚಾಚುವುದರಿಂದ ಬಾಗಿಲ ಪ್ರಶ್ನೆ ಬರುವುದಿಲ್ಲ. ಸಾಧ್ಯ ಇದ್ದರೂ ರೆಕಾರ್ಡರನ್ನು ನೇರ ಇಂಟರ್ನೆಟ್ಟಿಗೆ ತೆರೆದಿಡುವುದು ನನಗೆ ಇಷ್ಟವಿಲ್ಲ, ಈ ದಾರಿಯೇ ವಾಸಿ.

ಮಧ್ಯೆ ಮಧ್ಯೆ ನೆಟ್ ಹೋಗ್ತದೆ. ತಪ್ಪು ಕಂಪನಿಯದ್ದೋ ನಮ್ದೋ ಹೇಗೆ ಗೊತ್ತಾಗ್ಬೇಕು?

ಮೊದಲು ದೀಪ ನೋಡಿ. ಲಾಸ್ ಅಂತ ಬರೆದ ದೀಪ ಕೆಂಪಾಗಿದ್ದರೆ ಫೈಬರಿನ ಬೆಳಕೇ ಬರುತ್ತಿಲ್ಲ. ಕಂಪನಿಗೆ ಫೋನ್ ಮಾಡಿ, ಬೇರೇನೂ ಮಾಡಬೇಡಿ.

ದೀಪ ಸರಿಯಿದ್ದರೆ ಲ್ಯಾಪ್‌ಟಾಪ್ ತಂತಿಯಲ್ಲಿ ಜೋಡಿಸಿ ಎರಡು ಪಿಂಗ್ ಓಡಿಸಿ. ಪಿಂಗ್ ಅಂದರೆ ಒಂದು ವಿಳಾಸವನ್ನು ಕೂಗಿ ಉತ್ತರ ಬರುತ್ತದೆಯೇ ನೋಡುವ ಆಜ್ಞೆ. ಒಂದು ರೌಟರಿಗೆ, 192.168.1.1. ಇನ್ನೊಂದು ಹೊರಗೆ, 8.8.8.8. ರೌಟರ್ ಉತ್ತರ ಕೊಡುತ್ತಾ ಹೊರಗಿನದ್ದು ನಿಂತರೆ ತಪ್ಪು ಮನೆಯಾಚೆ. ಎರಡೂ ನಿಂತರೆ ಮನೆಯೊಳಗೆ. ಎರಡೂ ಓಡುತ್ತಿದ್ದು ಪುಟ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್, ಅಂದರೆ ಪುಟದ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ಬದಲಿಸಿ ನೋಡಿ. ತಂತಿಯಲ್ಲಿ ಎಲ್ಲ ಸರಿಯಿದ್ದು ವೈ-ಫೈನಲ್ಲಿ ಮಾತ್ರ ಹೋದರೆ ಚಾನೆಲ್, ಗೋಡೆ, ದೂರ ಇವುಗಳ ಕಡೆ ಗಮನ ಕೊಡಿ. ಕಂಪ್ಯೂಟರಿನ ವಿಳಾಸ 169.254ರಿಂದ ಶುರುವಾದರೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ. ಕೇಬಲ್ ಅಥವಾ ಡಿಎಚ್‌ಸಿಪಿ ನೋಡಿ.

ಹಾಗೇ ಅಟ್ಟ ಹತ್ತಿ ಒಮ್ಮೆ ಟಾರ್ಚ್ ಹಾಕಿ. ಇಲಿ ಕಡಿದ ಕೇಬಲ್ ಪೂರ್ತಿ ತುಂಡಾಗಿರುವುದಿಲ್ಲ. ಗಾಳಿಗೆ ಅಲುಗಿದಾಗ ಮಾತ್ರ ಬಿಟ್ಟು ಹೋಗುತ್ತದೆ.

ಇಷ್ಟೆಲ್ಲ ಮಾಡಿದ್ದು ನನಗೇ ಮರೆತು ಹೋಗ್ತದೆ. ಏನು ಮಾಡಲಿ?

ಬಿಳಿ ಪ್ಲಾಸ್ಟರ್ ಪಟ್ಟಿಯಲ್ಲಿ ಬರೆದು ಪ್ರತಿ ತಂತಿಯ ಎರಡೂ ತುದಿಗೆ ಅಂಟಿಸಿ. ಒಂದು ಹಾಳೆಯಲ್ಲಿ ಯಾವ ತೂತಿಂದ ಯಾವ ಕೋಣೆಗೆ, ರೌಟರಿನ ವಿಳಾಸ, ಕಂಪನಿಯ ಗ್ರಾಹಕ ಸಂಖ್ಯೆ ಬರೆದಿಡಿ. ನಮ್ಮ ಮನೆಯ ಹಾಳೆ ಮೀಟರ್ ಬೋರ್ಡಿನ ಬಾಗಿಲ ಒಳಬದಿಗೆ ಅಂಟಿಸಿದೆ. ಕಳೆದ ಮಳೆಗಾಲದಲ್ಲಿ ನಾನು ಊರಲ್ಲಿಲ್ಲದಾಗ ಅಮ್ಮ ಅದನ್ನು ನೋಡಿ, ಸ್ವಿಚ್ಚಿನ ಮೂರನೇ ತಂತಿ ಕಿತ್ತು ಹಾಕಿ, ಟಿವಿ ಸರಿ ಮಾಡಿಕೊಂಡರು.